ಲುಬಾಕಿಯ ಗಿಟಾರಿನ ಏಳು ಪಾಯಿಂಟ್ ಎಂಟು

ಪಾಪಾ ಲುಬಾಕಿ ಒಮ್ಮೆ ತಂತಿ ಮೀಟಿದರು. ಕೈ ತಡೆದರು. ಮತ್ತೊಮ್ಮೆ ಮೀಟಿದರು. ಆಮೇಲೆ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಬಿಟ್ಟರು.

“ಇದು ನಂದಲ್ಲ. ಮೈ ನಂದೇ. ದನಿ ಯಾರದ್ದೋ. ಒಳಗಿನ ಪಿಕಪ್ ಕದ್ದಿದ್ದಾರೆ.”

ಕಿನ್ಶಾಸಾದ ಮಾತೊಂಗೆ ಬಡಾವಣೆಯ ಆ ಬಾರಿನ ಅಂಗಳದಲ್ಲಿ ಸಂಜೆಯ ಸಂಗೀತ ಕಚೇರಿಗೆ ಕುರ್ಚಿ ಹಾಕುತ್ತಿದ್ದವರೆಲ್ಲ ಕೆಲಸ ಬಿಟ್ಟರು. ಯಾರೋ ಒಬ್ಬ ನ್ಸೋನಾಳ ಹೆಸರೆತ್ತಿದ. ನಾಲ್ಕು ಜನ ಅವಳ ಅಂಗಡಿಯತ್ತ ಓಡಿದರು.

*

ಇನ್‌ಸ್ಪೆಕ್ಟರ್ ಮಕಿಯೆಸೆ ಬರುವ ಹೊತ್ತಿಗೆ ಅಂಗಡಿಯ ಬಾಗಿಲು ಕೀಳುವುದೊಂದೇ ಬಾಕಿಯಿತ್ತು. ನ್ಸೋನಾ ಪಿಕಪ್ ಸುತ್ತುವವಳು. ತಂತಿಯ ನಡುಕವನ್ನು ಕರೆಂಟಾಗಿಸುವ ಆ ಪುಟ್ಟ ಅಯಸ್ಕಾಂತಗಳಿಗೆ ಕೂದಲಿಗಿಂತ ಸಪೂರವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಬೇಕು. ಆ ಕೆಲಸದಲ್ಲಿ ಕಿನ್ಶಾಸಾದಲ್ಲೇ ಅವಳನ್ನು ಮೀರಿಸುವವರಿಲ್ಲ, ಅದು ಅವಳಿಗೂ ಚೆನ್ನಾಗಿ ಗೊತ್ತು. ಸ್ವಿಚ್ ರಿಪೇರಿಗೆಂದು ಲುಬಾಕಿಯವರ ಗಿಟಾರ್ ಅವಳಲ್ಲಿದ್ದು, ನಿನ್ನೆಯಷ್ಟೇ ವಾಪಸ್ ಬಂದಿತ್ತು. ಜನಕ್ಕೆ ಅಷ್ಟು ಸಾಕಾಯಿತು.

ಮಕಿಯೆಸೆ ಅವಳನ್ನು ಜೊತೆಯಲ್ಲೇ ಬಾರಿಗೆ ಕರೆತಂದಳು. ಪೊಲೀಸ್ ಸೇರುವ ಮೊದಲು ಮಕಿಯೆಸೆ ಎಲೆಕ್ಟ್ರಿಕಲ್ ಓದಿದವಳು. ಅದಕ್ಕೂ ಮೊದಲೇ, ಲಂಗದ ವಯಸ್ಸಿನಲ್ಲೇ, ಲುಬಾಕಿಯವರ ಬೆರಳಿಗೆ ಮರುಳಾದವಳು.

ವಾದ್ಯಗಳ ಕೊಠಡಿಯಲ್ಲಿ ತಂಡದ ಯಜಮಾನ ಇಸಿದೋರ್ ಮೀಟರ್ ಹಿಡಿದು ನಿಂತಿದ್ದ. ಲುಬಾಕಿಯವರ ಪಕ್ಕದಲ್ಲಿ ಕೂತು ಎರಡನೆಯ ಗಿಟಾರ್ ನುಡಿಸುವವನೂ ಅವನೇ.

“ಕಳ್ಳತನವೇ ಆಗಿಲ್ಲ ಮೇಡಂ. ಪಿಕಪ್ಪಿನ ತಡೆ ಏಳು ಪಾಯಿಂಟ್ ಎಂಟು ಕಿಲೋ ಓಮ್. ಜುಲೈನಲ್ಲಿ ನ್ಸೋನಾ ಇದೇ ಕೊಠಡೀಲಿ ಎಲ್ಲರೆದುರು ಅಳೆದಾಗಲೂ ಅಷ್ಟೇ ಇತ್ತು. ಪಿಕಪ್ ಅದೇ. ಪಾಪಾನ ಕಿವಿ ಮಾತ್ರ...” ಅವನು ತನ್ನ ಕಿವಿ ಮುಟ್ಟಿ ತೋರಿಸಿದ. “ಇವತ್ತು ಅವರ ಜಾಗದಲ್ಲಿ ನಾನು ಕೂರ್ತೀನಿ.”

ಕಿವಿ ಹೋದವನನ್ನು ಯಾವ ತಂಡ ಇಟ್ಟುಕೊಳ್ಳುತ್ತದೆ? ಇವತ್ತು ಆ ಕುರ್ಚಿಯಿಂದ ಎದ್ದರೆ ಮತ್ತೆ ಕೂರುವ ಹಾಗಿಲ್ಲ. ಬಾಗಿಲ ಬಳಿ ನಿಂತ ಲುಬಾಕಿಯವರಿಗೂ ಅದು ಗೊತ್ತಿತ್ತು.

“ಮೀಟರ್ ಹಿಡಿಯೋಕೆ ಬರುತ್ತೇನಯ್ಯ ನಿಂಗೆ?” ನ್ಸೋನಾ ಸಿಡುಕಿದಳು. “ವಾಲ್ಯೂಮ್ ಗುಂಡಿಯ ವೈರ್ ಬಿಡಿಸಿದ್ಯಾ? ಇಲ್ಲಾಂದ್ರೆ ಗುಂಡೀದೂ ಸೇರಿಕೊಂಡು ಕಮ್ಮಿ ತೋರ್ಸುತ್ತೆ.”

“ಬಿಡಿಸಿದ್ದೀನಿ ತಾಯಿ, ನೀನೇ ಕಲಿಸಿದ ಹಾಗೆ.”

ನ್ಸೋನಾ ತಾನೇ ಅಳೆದಳು. ಏಳು ಪಾಯಿಂಟ್ ಎಂಟು. ಒಂದು ಕೂದಲೂ ಆಚೀಚೆಯಿಲ್ಲ. ಅವಳು ನಿಧಾನಕ್ಕೆ ತಲೆಯೆತ್ತಿ ಕಾದ ತಗಡಿನ ಸೂರು ನೋಡಿದಳು. ಮಕಿಯೆಸೆ ಆಗಲೇ ಅದನ್ನೇ ನೋಡುತ್ತಿದ್ದಳು.

*

“ಜುಲೈನಲ್ಲಿ ಅಳೆದ ದಿನ ಹವೆ ಹೇಗಿತ್ತು?” ಮಕಿಯೆಸೆ ಕೇಳಿದಳು.

“ಒಳ್ಳೇ ಚಳಿ. ಸ್ವೆಟರ್ ಹಾಕ್ಕೊಂಡಿದ್ವಿ,” ಎಂದ ತಂಡದ ಡ್ರಮ್ಮಿನವ.

“ಇವತ್ತು?”

ಅವನು ಅಂಗಿಯ ತುದಿ ಹಿಂಡಿ ತೋರಿಸಿದ. ಬೆವರು ತೊಟ್ಟಿಕ್ಕಿತು.

“ಬಿಯರ್ ಪೆಟ್ಟಿಗೆಯಿಂದ ಐಸ್ ತನ್ನಿ.”

ಪಿಕಪ್ಪನ್ನು ಹೊರತೆಗೆದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಐಸಿನಲ್ಲಿ ಹೂತರು. ಮೀಟರಿನ ಅಂಕಿ ಇಳಿಯತೊಡಗಿತು. ಏಳೂವರೆ. ಇನ್ನೂ ಕೆಳಗೆ. ಜನ ಬಾಯಿ ಬಿಟ್ಟುಕೊಂಡು ನೋಡಿದರು.

“ತಾಮ್ರ ಕಾದರೆ ಕರೆಂಟಿಗೆ ತಡೆ ಹೆಚ್ಚು, ತಣ್ಣಗಾದರೆ ಕಮ್ಮಿ,” ಎಂದಳು ಮಕಿಯೆಸೆ. “ಜುಲೈ ಚಳೀಲಿ ಏಳು ಪಾಯಿಂಟ್ ಎಂಟು ಇದ್ದದ್ದು ಈ ಕುಲುಮೇಲಿ ಎಂಟೂಕಾಲು ಆಗ್ಬೇಕು. ಅಷ್ಟೇ ಇದೆ ಅಂದ್ರೆ ಇದು ಅದಲ್ಲ. ಪಾಪಾನ ಕಿವಿ ಸರಿಯಾಗೇ ಇದೆ.”

ಲುಬಾಕಿ ಕಣ್ಣು ಒರೆಸಿಕೊಂಡರು.

“ಅಗ್ಗದ ಪಿಕಪ್ಪಿಂದ ಸುತ್ತು ಬಿಚ್ಚಿ ಬಿಚ್ಚಿ ಅಂಕಿಗೆ ಕೂರಿಸಿದ್ದಾರೆ,” ನ್ಸೋನಾ ಅದನ್ನು ಬೆಳಕಿಗೆ ಹಿಡಿದಳು. “ತಂತಿ ಇನ್ನೂ ಸಪೂರ, ಸುತ್ತು ಕಮ್ಮಿ. ತಡೆ ಅಷ್ಟೇ ಬಂತು. ದನಿ ಬಡಕಲಾಯ್ತು.”

“ನೀನೇ ಮಾಡಿದ್ದರೆ ಬಿಸಿಯ ಲೆಕ್ಕ ಬಿಡ್ತಿರಲಿಲ್ಲ,” ಎಂದಳು ಮಕಿಯೆಸೆ. “ಮಾಡಿದವನಿಗೆ ಮೀಟರ್ ಗೊತ್ತು, ತಾಮ್ರ ಗೊತ್ತಿಲ್ಲ. ನಿನ್ನ ಅಂಗಡಿ ಮಾವಿನ ಮರದ ನೆರಳಲ್ಲಿದೆ. ಅಲ್ಲಿ ಅಳೆದು ಕೂರಿಸಿದ್ದರೂ ಇಲ್ಲಿ ಅಂಕಿ ಏರಿರೋದು. ಇದನ್ನ ಇಂಥ ಕುಲುಮೇಲೇ ಕೂರಿಸಿದ್ದಾರೆ. ಈ ಕೊಠಡಿ ಬೀಗದ ಕೈ ಯಾರ ಹತ್ರ ಇರುತ್ತೆ?”

ಎಲ್ಲರೂ ಇಸಿದೋರ್‌ನ ಕಡೆ ತಿರುಗಿದರು.

“ಬೀಗದ ಕೈ ಇಟ್ಕೊಂಡವರೆಲ್ಲ ಕಳ್ಳರಾ ಮೇಡಂ?”

“ಅಲ್ಲಪ್ಪ. ಅದಕ್ಕೇ ಇಲ್ಲಿರೋ ಗಿಟಾರನ್ನೆಲ್ಲ ಅಳೆಯೋಣ. ನಿಂದರಿಂದ ಶುರು.”

ಇಸಿದೋರ್ ತನ್ನ ಗಿಟಾರನ್ನು ಎದೆಗವಚಿಕೊಂಡ. ಮಕಿಯೆಸೆ ಬಿಡಿಸಿಕೊಂಡಳು. ನ್ಸೋನಾ ವೈರ್ ಬಿಡಿಸಿ ಮೀಟರಿನ ಕಡ್ಡಿಗಳನ್ನು ಮುಟ್ಟಿಸಿದಳು.

ಎಂಟೂಕಾಲು.

*

“ಯಾಕೋ ಹೀಗೆ ಮಾಡ್ದೆ?” ಲುಬಾಕಿಯವರ ದನಿಯಲ್ಲಿ ಸಿಟ್ಟಿರಲಿಲ್ಲ.

“ವರ್ಷಾನುಗಟ್ಟಲೆ ನಿಮ್ಮ ಪಕ್ಕ ಕೂತೆ ಪಾಪಾ. ಒಬ್ಬನೂ ನನ್ನ ಕಡೆ ನೋಡ್ಲಿಲ್ಲ. ಎಲ್ಲಾ ಆ ಪಿಕಪ್ ಡಬ್ಬೀಲೇ ಇದೆ ಅಂದ್ಕೊಂಡೆ. ಬೆಳಿಗ್ಗೆ ಹಾಕ್ಕೊಂಡು ನುಡಿಸ್ದೆ.”

“ಹೇಗಿತ್ತು?”

“ಆಗ್ಲೂ ನಾನೇ ಕೇಳಿಸ್ದೆ ಪಾಪಾ.”

ಲುಬಾಕಿ ನ್ಸೋನಾಳ ಕಡೆ ತಿರುಗಿದರು. “ನಿನ್ನ ಹೆಸರೆತ್ತಿದಾಗ ನಾನು ಸುಮ್ಮನಿದ್ದೆ ಮಗಳೇ. ತಪ್ಪಾಯ್ತು.” ಅವಳು ಬೆಸುಗೆಕೋಲು ಕಾಯಿಸಿದಳು. ಪಿಕಪ್ ತನ್ನ ಗಿಟಾರಿಗೆ ಮರಳಿತು. ಲುಬಾಕಿ ತಮ್ಮ ಕುರ್ಚಿಯಲ್ಲಿ ಕೂತು ಮೊದಲ ಹಾಡು ಎತ್ತಿಕೊಂಡರು. ತುಂಬಿದ ಅಂಗಳ ಒಟ್ಟಿಗೇ ಎದ್ದು ಕುಣಿಯತೊಡಗಿತು.

ಮಕಿಯೆಸೆ ಜೀಪಿನ ಬಾಗಿಲು ತೆಗೆದವಳು ಹಾಗೇ ನಿಂತಳು. ಹಾಡು ಮುಗಿಯಲಿ ಅಂದುಕೊಂಡಳು. ಪಕ್ಕದಲ್ಲಿ ಇಸಿದೋರ್ ತಲೆ ತಗ್ಗಿಸಿ ಅಳುತ್ತಿದ್ದ. ಕೋಳ ತೊಟ್ಟ ಕೈಗಳು ಮಾತ್ರ ಸುಮ್ಮನಿರಲಿಲ್ಲ. ಎರಡನೆಯ ಗಿಟಾರಿನ ಪಾಲನ್ನು ಒಂದು ಸ್ವರವೂ ತಪ್ಪದಂತೆ ಬರಿಗಾಳಿಯಲ್ಲೇ ನುಡಿಸುತ್ತಿದ್ದವು.