ಪ್ರಣಿತಾಳ ಗಾಡಿ ಲೇಟು

“ಆತೇನೇ?”

ಸಂಡಾಸಿನ ಬಾಗಿಲ ಹೊರಗೆ ನಿಂತು ಹೊನ್ನಜ್ಜಿ ಹೀಗೆ ಕೇಳಿದ್ದು ಇದು ಐದನೇ ಸಲ.

“ಇಲ್ಲಾ!” ಒಳಗಿನಿಂದ ಪ್ರಣಿತಾ ಕೂಗಿದಳು. “ನೀ ಕೇಳ್ದಾಗೆಲ್ಲ ಬರೂದೂ ಹೆದರಿ ಒಳಗೆ ಹೋಗ್ತದೆ ಅಜ್ಜಿ!”

ಅವರ ಮನೆ ಇರುವುದು ಕುಮಟಾ ರೈಲ್ವೆ ಸ್ಟೇಷನ್ನಿಗೆ ತೀರಾ ಹತ್ತಿರ. ಸರಿಯಾಗಿ ಆಗಲೇ ಅಲ್ಲಿಯ ಮೈಕು, ಗಾಡಿ ತಡವಾಗಿ ಬರಲಿದೆ, ತೊಂದರೆಗಾಗಿ ವಿಷಾದಿಸುತ್ತೇವೆ ಎಂದಿತು.

“ನಮ್ಮನೆ ಗಾಡೀನೂ ಲೇಟು!” ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಅಪ್ಪ ನಕ್ಕು ನಕ್ಕು ನೊರೆ ನುಂಗಿಬಿಟ್ಟ.

ನಗುವವರಿಗೇನು! ನೋವು ಪ್ರಣಿತಾಳದ್ದು. ನಾಲ್ಕು ದಿನದಿಂದ ಅವಳ ಹೊಟ್ಟೆ ಮುಷ್ಕರ ಹೂಡಿತ್ತು. ತಿಣುಕಿದರೆ ಕಣ್ಣಲ್ಲಿ ನೀರು ಬರುತ್ತಿತ್ತೇ ಹೊರತು ಬರಬೇಕಾದ್ದು ಬರುತ್ತಿರಲಿಲ್ಲ. ಅಜ್ಜಿ ಬಾಳೆಹಣ್ಣು ತಿನ್ನಿಸಿ ತಿನ್ನಿಸಿ ಇಡೀ ಗೊನೆ ಖಾಲಿ ಮಾಡಿದ್ದಳು.

ಆದರೆ ಹೊಟ್ಟೆನೋವಿಗಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಈ ಸುದ್ದಿ ಶಾಲೆಯಲ್ಲಿ ಯಾರಿಗೂ ಗೊತ್ತಾಗಬಾರದು. ಅದರಲ್ಲೂ ಪಕ್ಕದ ಬೆಂಚಿನ ದೇವುವಿಗೆ. ಅವನಿಗೆ ಗೊತ್ತಾದರೆ ಮುಗಿಯಿತು, ಮೈಕೇ ಬೇಡ.

ಅವತ್ತು ಐದನೇ ಕ್ಲಾಸಿನಲ್ಲಿ ಗಾಯತ್ರಿ ಅಕ್ಕೋರು ಪ್ರಬಂಧ ಬರೆಯಲು ಕೊಟ್ಟರು. ವಿಷಯ: ನನ್ನ ಬೆಳಗಿನ ಕೆಲಸಗಳು. ಎಲ್ಲರೂ ಬಗ್ಗಿ ಬರೆಯುತ್ತಿದ್ದರು. ಪ್ರಣಿತಾ ಮಾತ್ರ ಹೊಟ್ಟೆ ಹಿಡಿದುಕೊಂಡು ಗುಡುಗುಡು ಸದ್ದು ಕೇಳುತ್ತ ಕೂತಿದ್ದಳು. ಬಂತಾ? ಇಲ್ಲ, ಬರೀ ಸದ್ದು.

ಅಕ್ಕೋರು ಒಂದೊಂದೇ ಬೆಂಚಿನ ಹತ್ತಿರ ಬಂದು ಕೇಳುತ್ತಿದ್ದರು.

“ಅಂಕಿತಾ, ಆತಾ?”

“ಆತು ಅಕ್ಕೋರೆ.”

“ಪ್ರಣಿತಾ, ನಿಂದು ಬೆಳಗಿನ ಕೆಲಸ ಆತಾ?”

ಪ್ರಣಿತಾ ದಡಬಡಿಸಿ ಎದ್ದು ನಿಂತಳು. “ಇಲ್ಲ ಅಕ್ಕೋರೆ! ನಾಲ್ಕು ದಿನ ಆತು, ಒಂದು ಗೊನೆ ಬಾಳೆಹಣ್ಣು ತಿಂದ್ರೂ ಬರ್ಲಿಲ್ಲ!”

ಅಕ್ಕೋರು ಕನ್ನಡಕ ಸರಿಮಾಡಿಕೊಂಡರು. “ಪ್ರಬಂಧ ಬರೆಯೂಕೆ ಬಾಳೆಹಣ್ಣು ಎಂತಕ್ಕೇ?”

ಬರೆಯುತ್ತಿದ್ದವರೆಲ್ಲ ತಲೆ ಎತ್ತಿದರು. ಆಮೇಲೆ ಒಬ್ಬೊಬ್ಬರಿಗೇ ಅರ್ಥವಾಯಿತು. ಅಯ್ಯಯ್ಯೋ, ಆ ನಗು! ದೇವು ಬೆಂಚಿನಿಂದ ಕೆಳಗೇ ಬಿದ್ದ. ಪ್ರಣಿತಾಳಿಗೆ ಅಲ್ಲೇ ನೆಲ ಬಿರಿದು ಒಳಗೆ ಹೋಗಿಬಿಡಬೇಕು ಅನ್ನಿಸಿತು. ಅವಳು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಳು.

ಕೆಳಗೆ ಬಿದ್ದ ದೇವು ಚಡ್ಡಿ ಕೊಡವಿಕೊಂಡು ಎದ್ದ. “ನಾಲ್ಕೇ ದಿನವಾ? ನಂದು ಹೋದ ತಿಂಗ್ಳು ಐದು ದಿನ!” ಎಂದ, ಓಟದಲ್ಲಿ ಕಪ್ ಗೆದ್ದವನ ಹಾಗೆ. “ಬರೀ ಚಿಪ್ಸ್ ತಿಂದ್ರೆ ಇನ್ನೆಂತ ಆಗ್ತದೆ ಅಂತ ಡಾಕ್ಟ್ರು ಬೈದ್ರು. ಈಗ ಬಸಳೆ ತಿಂತೆ. ಮೂಗು ಮುಚ್ಕಂಡು.”

“ನಂದು ಎರಡು ದಿನ ಅಷ್ಟೇ,” ಅಂಕಿತಾ ಮೆಲ್ಲಗೆ ಹೇಳಿದಳು.

ಪ್ರಣಿತಾ ಪುಸ್ತಕದ ಮೇಲಿನಿಂದ ಒಂದು ಕಣ್ಣು ಹೊರಗೆ ಹಾಕಿದಳು. ಇವರದ್ದೂನಾ?

ಅಕ್ಕೋರು ನಗಲಿಲ್ಲ. “ಶಾಲೇಲಿ ಹೋಗೂದಿಲ್ವನೇ ನೀನು?”

“ಹುಡ್ಗೀರ ಸಂಡಾಸಿಗೆ ಚಿಲಕ ಇಲ್ಲ ಅಕ್ಕೋರೆ. ಒಳಗೆ ಕೂತು ಬಾಗಿಲಿಗೆ ಕಟ್ಟಿದ ಹಗ್ಗ ಎಳ್ದು ಹಿಡ್ಕಣಬೇಕು. ಹಗ್ಗದ ಕಡೆ ಲಕ್ಷ್ಯ ಇಟ್ರೆ ಇದು ಬರೂದಿಲ್ಲ, ಇದರ ಕಡೆ ಇಟ್ರೆ ಹಗ್ಗ ಬಿಟ್ಟುಹೋಗ್ತದೆ.” ಈಗ ಅವಳಿಗೂ ನಗು ಬಂತು. “ಅದ್ಕೇ ನೀರೂ ಕುಡಿಯೂದಿಲ್ಲ. ಬಂದ್ರೆ ತಡ್ಕಣ್ತೆ.”

“ತಡ್ಕಂಡು ತಡ್ಕಂಡೇ ಒಳಗೆ ಒಣಗಿ ಕಲ್ಲಾಗಿದ್ದು, ಹುಚ್ಚಿ,” ಎಂದು ಅಕ್ಕೋರು ತಮ್ಮ ನೀರಿನ ಬಾಟಲಿಯನ್ನೇ ಅವಳ ಮುಂದಿಟ್ಟರು.

ಮರುದಿನ ಅಕ್ಕೋರ ಚೀಲದಲ್ಲಿ ಪುಸ್ತಕದ ಜೊತೆ ಸ್ಕ್ರೂಡ್ರೈವರೂ ಹೊಳೆಯುವ ಹೊಸ ಚಿಲಕವೂ ಬಂದವು. ತಾವೇ ನಿಂತು ಸಂಡಾಸಿನ ಬಾಗಿಲಿಗೆ ತಿರುಪಿದರು.

ಪ್ರಣಿತಾ ಬಾಟಲಿಗಟ್ಟಲೆ ನೀರು ಕುಡಿದಳು, ಮೂಗು ಮುಚ್ಚಿಕೊಂಡು ಬಸಳೆಯನ್ನೂ ತಿಂದಳು. ಭಾನುವಾರ ಬೆಳಿಗ್ಗೆ ಬಾಗಿಲ ಹೊರಗೆ ಅಜ್ಜಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅಂತೂ ಒಳಗಿನಿಂದ ಕೂಗು ಬಂತು: “ಅಜ್ಜೀ, ಆತು!” ಅಪ್ಪ ಅಂಗಳದಿಂದಲೇ ಸೀಟಿ ಊದಿದ.

ಸೋಮವಾರ ಒಂದನೇ ಕ್ಲಾಸಿನ ಪೂರ್ಣಿಮಾ ಓಡಿಬಂದು ಪ್ರಣಿತಾಳ ಕೈ ಜಗ್ಗಿದಳು. “ಅಕ್ಕಾ, ಚಿಲಕ ಎಟುಕೂದಿಲ್ಲ.”

ಪ್ರಣಿತಾ ಅವಳನ್ನು ಒಳಗೆ ಕಳಿಸಿ, ಸಂಡಾಸಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಸ್ವಲ್ಪ ಹೊತ್ತಿಗೆ ಗಂಟೆ ಹೊಡೆಯಿತು. ಮಕ್ಕಳೆಲ್ಲ ಕ್ಲಾಸಿಗೆ ಓಡಿದರು. ಪೂರ್ಣಿಮಾಳ ಸದ್ದೇ ಇಲ್ಲ.

“ಆತೇ...” ಎಂದಳು ಪ್ರಣಿತಾ.

ಮಾತು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡಳು.

“ಗಡಿಬಿಡಿ ಎಂತ ಇಲ್ಲ ಪುಟ್ಟಿ,” ಎಂದಳು. “ನಾ ಎಲ್ಲೂ ಹೋಗೂದಿಲ್ಲ.”