ಲಗಮವ್ವನ ಕ್ಯಾಸೆಟ್

"ಇದರಾಗ ನಮ್ಮವ್ವ ಅದಾಳ್ರಿ. ಹುಷಾರ್ ಹಿಡೀರಿ."

ರಾಜಶ್ರೀ ನನಗೆ ಹೇಳಿದ ಮೊದಲ ಮಾತು ಇದು. ನಮಸ್ಕಾರ ಇಲ್ಲ, ಅಂಗಡಿ ಇದೇನಾ ಎಂದು ಕೇಳಿದ್ದೂ ಇಲ್ಲ. ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿದ ವಿಡಿಯೋ ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನನ್ನ ಟೇಬಲ್ಲಿನ ಮೇಲೆ ಇಡಲೋ ಬೇಡವೋ ಎಂದು ನೋಡುತ್ತಿದ್ದಳು. ಟೇಬಲ್ಲಿನ ಮೇಲೆ ಚಹಾದ ಕಲೆಗಳಿದ್ದವು. ನಾನು ಅಂಗಿಯ ತೋಳಿನಿಂದಲೇ ಒರೆಸಿದೆ.

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಜನರ ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುವುದು ಹೊಟ್ಟೆಪಾಡು. ಹಿಂದಿನ ಕೋಣೆಯ ಗೋಡೆ ತುಂಬ ಇರುವ ಕ್ಯಾಸೆಟ್ಟುಗಳು ಮಾತ್ರ ನನ್ನ ಹುಚ್ಚು. ಸಂಗೀತ ಕಾರ್ಯಕ್ರಮಗಳನ್ನೇ ಸಿನಿಮಾ ಮಾಡಿದ ಕಾನ್ಸರ್ಟ್ ಫಿಲ್ಮುಗಳು, ಕೋತಿ ಬಾವಲಿಗಳ ಡಾಕ್ಯುಮೆಂಟರಿಗಳು, ಥೇಟರಿನಲ್ಲಿ ಮೂರು ದಿನವೂ ಓಡದೆ ಆಮೇಲೆ ನನ್ನಂಥವರ ತಲೆ ಕೆಡಿಸಿದ ದೆವ್ವದ ಸಿನಿಮಾಗಳು. ಗೌತಮನಿಗೆ ಮೂವತ್ತೇಳಾಯಿತು, ಮದುವೆ ಆಗುವುದು ಬಿಟ್ಟು ದೆವ್ವ ನೋಡುತ್ತ ಕೂತಿದ್ದಾನೆ ಎಂದು ಓಣಿಯವರು ಆಡಿಕೊಳ್ಳುತ್ತಾರೆ. ಸುಳ್ಳೇನಲ್ಲ.

ಬಟ್ಟೆ ಬಿಚ್ಚಿದೆ. ಕ್ಯಾಸೆಟ್ಟಿನ ಮೇಲೆ ನನ್ನ ಅಪ್ಪನ ಅಕ್ಷರವಿತ್ತು: 'ಶಿರೂರು. ಬೀರಪ್ಪನ ಗುಡಿ. ಲಗಮವ್ವ, ನಾಗೇಶಿ.'

"ಹಳೇ ಬಾಗಲಕೋಟ್ಯಾಗ ಕಲ್ಲಪ್ಪ ಅಂತ ಒಬ್ಬರು ವಿಡಿಯೋ ಲೈಬ್ರರಿ ಇಟ್ಟಿದ್ರಂತ್ರಿ. ಅವರ ಶೂಟಿಂಗ್ ಮಾಡಿದ್ದು ಇದು. ಅವರನ್ನ ಹುಡುಕ್ಕೋಂತ ಬಂದೇನಿ."

"ನಮ್ಮಪ್ಪ. ತೀರಿಕೊಂಡು ಏಳು ವರ್ಷ ಆತು. ಕುಂದರ್ರಿ."

ಅವಳು ಕೂತು ಹೇಳಿದಳು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಎರಡು ಮೇಳದವರು ಬೆಳಗಿನವರೆಗೆ ಹಾಡಿನಲ್ಲೇ ವಾದ ಹೂಡುವ ಹರದೇಶಿ ನಾಗೇಶಿಯಲ್ಲಿ ಅವಳ ತಾಯಿ ಲಗಮವ್ವ ಹೆಣ್ಣಿನ ಪಕ್ಷದ, ಅಂದರೆ ನಾಗೇಶಿಯ, ಹಾಡುಗಾರ್ತಿ. ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೇ ಬಾಗಲಕೋಟೆ ಮುಳುಗುವ ಮೊದಲು, ಒಂದೇ ಒಂದು ಸಲ, ಅವಳ ಹಾಡು ವಿಡಿಯೋ ಆಗಿತ್ತು. ಮನೆಯಲ್ಲಿ ವಿಸಿಆರ್ ಇರಲಿಲ್ಲ. ಬಾಡಿಗೆಗೆ ತಂದು ನೋಡೋಣ ಅನ್ನುವಷ್ಟರಲ್ಲಿ ಲಗಮವ್ವ ಜ್ವರ ಬಂದು ತೀರಿಹೋದಳು. ಆಗ ರಾಜಶ್ರೀಗೆ ಆರು ವರ್ಷ. ಅವ್ವನ ತಂಗಿ, ಚಿಗವ್ವ ಇಂದ್ರವ್ವ, ಇಳಕಲ್ಲಿಗೆ ಕರೆದೊಯ್ದು ಮಗ್ಗ ಕಲಿಸಿದಳು. ಕ್ಯಾಸೆಟ್ ಟ್ರಂಕಿನಲ್ಲಿ ಉಳಿಯಿತು.

"ಅಕಿ ಧ್ವನಿ ಹೆಂಗಿತ್ತು ಅಂತ ನನಗ ನೆಪ್ಪಿಲ್ರಿ," ಎಂದಳು. "ಒಂದು ಸಲ ಕೇಳಿದ್ರ ಸಾಕು."

ನಾನು ಕ್ಯಾಸೆಟ್ಟನ್ನು ತಿರುಗಿಸಿ ಅದರ ಬೆನ್ನು ನೋಡಿದೆ.

ಕ್ಯಾಸೆಟ್ಟಿನ ಬೆನ್ನಿಗೆ ಒಂದು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದರೆ ಅಲ್ಲೊಂದು ಕಿಂಡಿ ಉಳಿದು, ಆ ಕ್ಯಾಸೆಟ್ಟಿನ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಅಪ್ಪ ಅದನ್ನು ಮುರಿದಿದ್ದ. ಆದರೆ ಕಿಂಡಿಯ ಮೇಲೆ ಯಾರೋ ಒಂದು ಚೀಟಿ ಅಂಟಿಸಿದ್ದರು. ಕಿಂಡಿ ಮುಚ್ಚಿದರೆ ಮುಗಿಯಿತು, ಮತ್ತೆ ಏನನ್ನಾದರೂ ತುಂಬಬಹುದು. ಅದು ಶಾಲೆಯ ನೋಟುಬುಕ್ಕಿಗೆ ಹಚ್ಚುವ ಹೆಸರಿನ ಚೀಟಿ. ಅರ್ಧ ಹರಿದಿತ್ತು. ಅದರ ಮೇಲೆ ಬಾಲ್‌ಪೆನ್ನಿನಲ್ಲಿ 'ಗೌತ' ಎಂದಿತ್ತು.

ಹನ್ನೆರಡನೆಯ ವಯಸ್ಸಿನಲ್ಲಿ ನಾನು ಮಾಡಿದ ಕೆಲಸ ಪೂರ್ತಿ ನೆನಪಾಯಿತು. ಹುಬ್ಬಳ್ಳಿಯಿಂದ ಎರಡೇ ದಿನಕ್ಕೆಂದು ಬಂದಿದ್ದ ದೆವ್ವದ ಸಿನಿಮಾ ವಾಪಸ್ ಹೋಗುವುದಿತ್ತು. ಖಾಲಿ ಕ್ಯಾಸೆಟ್ ಇರಲಿಲ್ಲ. ಮೂಲೆಯ ರಾಶಿಯಿಂದ ಒಂದನ್ನು ಎಳೆದು, ಕಿಂಡಿಗೆ ಚೀಟಿ ಅಂಟಿಸಿ, ಆ ಸಿನಿಮಾ ತುಂಬಿದೆ. ಜಾಗ ಉಳಿಯಿತೆಂದು ಒಂದು ಕಾನ್ಸರ್ಟ್ ಫಿಲ್ಮ್, ಆಮೇಲೆ ಟಿವಿಯಲ್ಲಿ ಬಂದ ಬಾದಾಮಿ ಕೋತಿಗಳ ಡಾಕ್ಯುಮೆಂಟರಿ. ಅಪ್ಪ ಊರು ಬಿಡುವಾಗ ಹೆಸರು ನೋಡಿ ಅವರವರ ಕ್ಯಾಸೆಟ್ ಅವರವರಿಗೆ ಮುಟ್ಟಿಸಿದ. ಒಳಗೆ ಏನಿದೆಯೆಂದು ಅವನೂ ನೋಡಲಿಲ್ಲ.

ರಾಜಶ್ರೀ ನೀರು ಕುಡಿಯಲು ಆ ಕಡೆ ತಿರುಗಿದಳು. ನಾನು ಉಗುರಿನಿಂದ ಚೀಟಿ ಎಬ್ಬಿಸಿ ಕಿಸೆಗೆ ಹಾಕಿಕೊಂಡೆ.

"ಬೂಷ್ಟು ಹಿಡದೈತ್ರಿ," ಎಂದೆ. "ಕ್ಲೀನ್ ಮಾಡಾಕ ಟೈಮ್ ಬೇಕು. ಹಿಂಗ ಹಚ್ಚಿದ್ರ ರೀಲ್ ಹರೀತೈತಿ."

ಬೂಷ್ಟು ಸುಳ್ಳಲ್ಲ. ಆದರೆ ಅದು ಒಂದು ವಾರದ ಕೆಲಸ. ನಾನು ಎರಡು ತಿಂಗಳು ತೆಗೆದುಕೊಂಡೆ.

ಪ್ರತಿ ಐತವಾರ ಹುನಗುಂದದ ಮೇಲೆ ಬರುವ ಬಸ್ಸಿನಲ್ಲಿ ಅವಳು ಹನ್ನೊಂದಕ್ಕೆ ಇಳಿಯುತ್ತಿದ್ದಳು. "ಎಲ್ಲಿಗೆ ಬಂತ್ರಿ ನಮ್ಮವ್ವಂದು?" ಎಂದು ಕೇಳುತ್ತಿದ್ದಳು. "ಇನ್ನೂ ಐತ್ರಿ," ಎನ್ನುತ್ತಿದ್ದೆ. ಹಿಂದಿರುಗುವ ಬಸ್ಸಿಗೆ ಹೊತ್ತಿರುತ್ತಿತ್ತು. ಸುಮ್ಮನೆ ಕೂರುವುದೇಕೆಂದು ಒಂದು ಸಿನಿಮಾ ಹಚ್ಚಿದೆ. ಹಾಗೆ ಶುರುವಾಯಿತು.

ಮೊದಲನೆಯದು ದೆವ್ವದ್ದು. ಅವಳು ಹೆದರಿ ನನ್ನ ಕಡೆ ಸರಿಯಬಹುದೆಂದು ನಾನು ಎಣಿಸಿದ್ದು ಸುಳ್ಳಲ್ಲ.

"ಈ ದೆವ್ವದ ಬಿಳಿ ಸೀರಿ ಒಗದಾವ್ರ ಯಾರ್ರಿ?"

"ದೆವ್ವದ್ದ ಬಟ್ಟಿ ದೆವ್ವನ ಒಗಕೋತೈತ್ರಿ."

"ಇಸ್ತ್ರಿನೂ ಮಾಡೈತಿ ನೋಡ್ರಿ. ಇಷ್ಟ ಶಿಸ್ತ ಇರೂ ದೆವ್ವಕ್ಕ ನಾ ಹೆಂಗ ಅಂಜಲಿ?"

ಆದರೆ ನಾಯಕಿ ನೆಲಮಾಳಿಗೆಯ ಬಾಗಿಲಿಗೆ ಕೈ ಹಾಕಿದಾಗ ಅವಳೇ ಕುರ್ಚಿಯಿಂದ ಅರ್ಧ ಎದ್ದು ಕೂಗಿದಳು: "ಬಾಗಲಾ ತೆಗೀಬ್ಯಾಡ್ರೀ!"

ನಾನು ಬಿದ್ದು ಬಿದ್ದು ನಕ್ಕೆ. "ಸಿನಿಮಾದಾಕಿಗೂ 'ರಿ' ಹಚ್ಚತೀರಲ್ರಿ!"

ಅವಳೂ ನಕ್ಕಳು. ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದು, ನಗು ಸಾಕೆಂದು ತಾನೇ ತಡೆದುಕೊಂಡು, ಮತ್ತೆ ತಡೆಯಲಾರದೆ. ಆಮೇಲೆ ಮೆತ್ತಗಾದಳು. "ಸಣ್ಣಾಕಿದ್ದಾಗಿಂದ ಮಂದಿ ಮನ್ಯಾಗ ಬೆಳದಾಕಿ ನಾ. ಚಿಗವ್ವಗೂ ರಿ ಅಂತೇನಿ. ರಿ ಬಿಟ್ಟ ಮಾತಾಡಿದ್ದು ನಮ್ಮವ್ವನ ಕೂಡ ಅಷ್ಟ."

ಕಾನ್ಸರ್ಟ್ ಫಿಲ್ಮ್ ನೋಡುವಾಗ ಅವಳ ಕಣ್ಣು ಹಾಡುವವನ ಮೇಲೆ ಇರುತ್ತಿರಲಿಲ್ಲ. ಕೇಳುವ ಜನರ ಮುಖ ಬಂದಾಗ ಮುಂದಕ್ಕೆ ಬಾಗುತ್ತಿದ್ದಳು. "ಆ ಮುದುಕಿ ನೋಡ್ರಿ, ಆಕಿಗೆ ಹಾಡು ಪೂರಾ ಬರತೈತಿ, ಬಾಯಿ ಅಲುಗಾಡಸಾಕತ್ಯಾಳ." ಅವಳು ಜನರನ್ನು ನೋಡುತ್ತಿದ್ದಳು, ನಾನು ಅವಳನ್ನು ನೋಡುತ್ತಿದ್ದೆ. ಅವಳ ಬಲಗೈಯ ಬೆರಳ ತುದಿಗಳಲ್ಲಿ ನೂಲು ಎಳೆದ ಸಣ್ಣ ಗೀರುಗಳಿದ್ದವು. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವುದು ಅವಳ ಕೆಲಸ.

ನನಗೆ ಅವಳ ಮೇಲೆ ಪ್ರೀತಿಯಾಯಿತು. ಪ್ರೀತಿ ಹೆಚ್ಚಾದಷ್ಟೂ ಕಿಸೆಯ ಆ ಚೀಟಿ ಭಾರವಾಯಿತು. ಇವತ್ತು ಹೇಳಬೇಕು ಎಂದು ಪ್ರತಿ ಐತವಾರ ಎದ್ದೆ, ಮುಂದಿನ ವಾರ ಹೇಳೋಣ ಎಂದು ಪ್ರತಿ ಐತವಾರ ಮಲಗಿದೆ. ಹೇಳಿದರೆ ಅವಳು ಬರುವುದಿಲ್ಲ, ಅದು ಖಂಡಿತ.

ಎಂಟನೆಯ ಐತವಾರ ಅವಳು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಗಂಟು ಬಿಚ್ಚುತ್ತ ಹೇಳಿದಳು, "ಮುಂದಿನ ವಾರ ಚಿಗವ್ವನೂ ಬರ್ತಾಳ್ರಿ. ಕಣ್ಣು ಮಂಜಾಗ್ಯಾವ. ನೋಡಾಕ ಆಗದಿದ್ರೂ ಅಕ್ಕನ ಧ್ವನಿ ಕೇಳತೇನಿ ಅಂತ ಹೊಸ ಸೀರಿ ತಗದಿಟ್ಟಾಳ."

ಇನ್ನು ತಡೆಯಲಾಗಲಿಲ್ಲ. ಚೀಟಿ ತೆಗೆದು ರೊಟ್ಟಿಯ ಪಕ್ಕದಲ್ಲಿಟ್ಟೆ. ಎಲ್ಲವನ್ನೂ ಹೇಳಿದೆ. ಏನನ್ನೂ ಚಂದ ಮಾಡಿ ಹೇಳಲಿಲ್ಲ.

ಅವಳು ಚೀಟಿಯನ್ನು ಎತ್ತಿಕೊಂಡು ಆ ಎರಡು ಅಕ್ಷರ ಓದಿದಳು.

"ಮೊದಲನೇ ದಿನಾನ ಗೊತ್ತಾಗಿತ್ತೇನ್ರಿ?"

"ಹೌದ್ರಿ."

"ಹನ್ನೆರಡು ವರ್ಷದ ಹುಡುಗ ಮಾಡಿದ್ದಕ್ಕ ನಾ ಏನೂ ಅನ್ನೂದಿಲ್ಲ. ಹುಡುಗರು ಮಾಡ್ತಾವ. ಮೂವತ್ತೇಳು ವರ್ಷದಾವ್ರು ನೀವು, ಎಂಟು ಐತವಾರ ನನ್ನ ಬಾಜೂಕ ಕುಂತು ನಕ್ರೆಲ್ಲ. ಅದಕ್ಕ ಏನ್ ಅನ್ಲಿ?"

ಕ್ಯಾಸೆಟ್ಟನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಎದ್ದಳು. ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗದೆ, "ರೊಟ್ಟಿ ಉಣ್ರಿ," ಎಂದು ಹೋದಳು.

ಮೂರು ಐತವಾರ ಅವಳು ಬರಲಿಲ್ಲ. ಹನ್ನೊಂದರ ಬಸ್ಸು ಬಂತು, ಹೋಯಿತು. ಒಮ್ಮೆ ನಾನೇ ಇಳಕಲ್ಲಿಗೆ ಟಿಕೆಟ್ ತೆಗೆಸಿ ಹೊರಟೆ. ಹುನಗುಂದದವರೆಗೆ ಹೋಗುವಷ್ಟರಲ್ಲಿ ಧೈರ್ಯ ಮುಗಿಯಿತು. ಅಲ್ಲಿಯೇ ಇಳಿದು, ಬಸ್ ಸ್ಟ್ಯಾಂಡಿನಲ್ಲಿ ಎರಡು ಚಹಾ ಕುಡಿದು, ತಿರುಗಿ ಬಂದೆ. ಮನೆಯಲ್ಲಿ ಯಾವ ಸಿನಿಮಾ ಹಚ್ಚಿದರೂ ಹತ್ತು ನಿಮಿಷಕ್ಕೆ ನಿಲ್ಲಿಸುತ್ತಿದ್ದೆ.

ನಾಲ್ಕನೆಯ ಐತವಾರ ಅವಳು ಒಬ್ಬಳೇ ಬಂದಳು. ಕ್ಯಾಸೆಟ್ಟನ್ನು ಟೇಬಲ್ಲಿನ ಮೇಲಿಟ್ಟಳು.

"ನಮ್ಮವ್ವನ್ನ ಅಳಿಸಿ ಏನ್ ತುಂಬೀರಿ ಅಂತ ನೋಡ್ಬೇಕ್ರಿ ನಾ. ಪೂರಾ. ಮುಂದಕ್ಕ ಓಡಿಸಬ್ಯಾಡ್ರಿ."

"ಓಡಿಸಿದ್ರ ಈ ರೀಲು ತಡೆಯೂದೂ ಇಲ್ಲ. ಒಂದ ಸಲ ನಡೀತೈತಿ. ನಡದಂಗ ಕಂಪ್ಯೂಟರಿನ್ಯಾಗ ಕಾಪಿ ತಗೋತೇನಿ. ಮೂರು ತಾಸಿನ ಕ್ಯಾಸೆಟ್. ಕಡೀಕ ಏನರ ಉಳದಿದ್ರ..."

"ಆಸೆ ತೋರಸಬ್ಯಾಡ್ರಿ. ಹಚ್ರಿ."

ದೆವ್ವದ ಸಿನಿಮಾ ಶುರುವಾಯಿತು. ದೊಡ್ಡವನಾದ ಮೇಲೆ ನಾನು ಕೊಂಡಿದ್ದ ಇನ್ನೊಂದು ಕಾಪಿಯಲ್ಲಿ ನಾವು ಮೊದಲ ದಿನ ನೋಡಿ ನಕ್ಕಿದ್ದ ಅದೇ ಬಿಳಿ ಸೀರೆ. ಇಬ್ಬರೂ ನಗಲಿಲ್ಲ. ಅರ್ಧ ತಾಸಿನ ನಂತರ ಅವಳು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು, "ಈ ಹೊತ್ತಿನ್ಯಾಗ ಇದರ ಕೆಳಗ ಅಕಿ ಹಾಡಾಕತ್ತಿರಬೇಕಲ್ರಿ." ನೆಲಮಾಳಿಗೆಯ ಬಾಗಿಲು ಬಂತು. ಈ ಸಲ ಅವಳು ಯಾರನ್ನೂ ತಡೆಯಲಿಲ್ಲ.

ಆಮೇಲೆ ಕಾನ್ಸರ್ಟ್. ಸಾವಿರಾರು ಜನ ಕೈ ಎತ್ತಿದ್ದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅವರ ಮುಖಗಳನ್ನೇ ನೋಡಿದಳು. ಆಮೇಲೆ ಬಾದಾಮಿಯ ಕೆಂಪು ಬಂಡೆಗಳು, ಕೋತಿಗಳು. ಎರಡು ತಾಸು ನಲವತ್ತು ನಿಮಿಷಕ್ಕೆ ವಿಸಿಆರ್ ಒಳಗೆ ಕರಕರ ಸದ್ದಾಯಿತು, ಚಿತ್ರ ನಿಂತಿತು. ರೀಲು ಹರಿದಿತ್ತು.

ಕ್ಯಾಸೆಟ್ ಬಿಚ್ಚಿದೆ. ಹರಿದ ತುದಿಗಳನ್ನು ನೇರ ಕತ್ತರಿಸಿ, ಕೂಡಿಸಿ, ಹಿಂದಿನಿಂದ ತೆಳ್ಳನೆಯ ಟೇಪು ಅಂಟಿಸಬೇಕು. ನೂರು ಸಲ ಮಾಡಿದ ಕೆಲಸ. ಅಂದು ಎರಡು ಸಲ ತಪ್ಪಿತು.

"ಬಾಜೂಕ ಸರೀರಿ," ಎಂದಳು ರಾಜಶ್ರೀ. "ಎಲ್ಲಿ ಹಿಡೀಬೇಕು, ಅಷ್ಟ ಹೇಳ್ರಿ."

ನಾನು ಹೇಳಿದೆ, ಅವಳು ಮಾಡಿದಳು. ಎರಡು ತುದಿಗಳನ್ನು ಬೆರಳಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ನಡುವೆ ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂಡಿಸಿದಳು. ಟೇಪು ಒತ್ತುವಾಗ ನನ್ನ ಬೆರಳು ಅವಳ ಬೆರಳಿಗೆ ತಾಗಿತು. ಅವಳು ಕೈ ತೆಗೆಯಲಿಲ್ಲ. ಕೆಲಸ ಮುಗಿದಿರಲಿಲ್ಲವೆಂದು ಇರಬಹುದು.

ಮತ್ತೆ ಹಚ್ಚಿದೆ. ಕೋತಿಗಳು ಹೋದವು, ಪರದೆ ಸುಮ್ಮನೆ ಜುಯ್ ಎಂದಿತು. ಇಷ್ಟೇ ಎಂದುಕೊಂಡು ನಾನು ತಲೆ ತಗ್ಗಿಸಿದೆ.

"ಗೌತಮ ಅವರ," ಎಂದಳು ಅವಳು. ಮೊದಲ ಸಲ ನನ್ನ ಹೆಸರು ಹಿಡಿದು ಕರೆದಿದ್ದಳು. "ನೋಡ್ರಿ."

ಪರದೆಯ ಮೇಲೆ ಬೆಳಗಾಗಿತ್ತು. ಗುಡಿಯ ಕಟ್ಟೆ. ಹಾಡು ಮುಗಿದು ಡೊಳ್ಳುಗಳನ್ನು ಕೆಳಗಿಟ್ಟಿದ್ದರು. ಒಬ್ಬ ಹೆಂಗಸು ಕಂಬಕ್ಕೆ ಒರಗಿ ಬಟ್ಟಲಿನಲ್ಲಿ ಚಹಾ ಕುಡಿಯುತ್ತಿದ್ದಳು. ಅವಳ ತೊಡೆಯ ಮೇಲೆ ಕಂಬಳಿ ಹೊದ್ದು ಒಂದು ಕೂಸು ಮಲಗಿತ್ತು.

"ಲಗಮವ್ವಾ, ಕ್ಯಾಮೆರಾಕ್ಕ ಏನರ ಒಂದು ಮಾತು ಹೇಳ್ಬೇ," ಎಂದಿತು ಒಂದು ಗಂಡು ಧ್ವನಿ. ಅದು ನನ್ನ ಅಪ್ಪ.

"ರಾತ್ರಿ ಪೂರಾ ಹೇಳೇನಲ್ಲೋ ಯಣ್ಣಾ, ಇನ್ನೇನ್ ಹೇಳ್ಲಿ?" ರಾತ್ರಿಯೆಲ್ಲ ಹಾಡಿ ಒಡೆದ ಧ್ವನಿ, ಒಳಗೆ ನಗು. ಕೂಸು ಹೊರಳಿತು. ಅವಳು ಬಟ್ಟಲು ಪಕ್ಕಕ್ಕಿಟ್ಟು ಕ್ಯಾಮೆರಾದ ಕಡೆ ಬೆರಳೆತ್ತಿದಳು. "ಗದ್ಲ ಮಾಡಬ್ಯಾಡ. ನನ್ನ ಮಗಳು ಮಲಗ್ಯಾಳ." ಕೆಳಗೆ ಬಾಗಿ, ಸೆರಗಿನಿಂದ ಕೂಸಿನ ಹಣೆ ಒರೆಸಿ, "ಮಲ್ಕೋ ನನ್ನ ರಾಜವ್ವಾ, ಮಲ್ಕೋ, ಇಲ್ಲೇ ಅದೇನಿ," ಎಂದಳು.

ಅಪ್ಪನ ಕ್ಯಾಮೆರಾ ಸುಮ್ಮನೆ ಅವರಿಬ್ಬರನ್ನೇ ನೋಡುತ್ತ ನಿಂತಿತು. ಕ್ಯಾಸೆಟ್ ಮುಗಿಯಿತು. ನಾಲ್ಕು ನಿಮಿಷ ಹತ್ತು ಸೆಕೆಂಡು.

ರಾಜಶ್ರೀ ಅತ್ತಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಆ ಹಕ್ಕು ನನಗಿರಲಿಲ್ಲ.

"ಹಾಡು ಒಂದೂ ಉಳೀಲಿಲ್ರಿ," ಎಂದೆ.

"ಅಕಿ ಹಾಡು ಶಿರೂರಾಗ ಇನ್ನೂ ನಾಕು ಮಂದಿ ಹಾಡ್ತಾರ್ರಿ." ಅವಳು ಕಣ್ಣೊರೆಸಿಕೊಂಡಳು. "ನನ್ನ ರಾಜವ್ವಾ ಅಂತ ಕರೀತಿದ್ಲು ಅನ್ನೂದು ಯಾರೂ ಹೇಳಿರಲಿಲ್ಲ. ಆದ್ರೂ ನೀವು ಮಾಡಿದ್ದು ಸರಿ ಆತು ಅಂತ ತಿಳ್ಕೋಬ್ಯಾಡ್ರಿ."

"ಇಲ್ಲ. ತಿಳ್ಕೊಳ್ಳೂದಿಲ್ಲ."

"ಚಿಗವ್ವನ್ನ ಮುಂದಿನ ವಾರ ಕರ್ಕೊಂಡ ಬರ್ತೇನಿ. ಈಗ ಇನ್ನೊಮ್ಮೆ ಹಚ್ರಿ."

ಕಂಪ್ಯೂಟರಿನ ಕಾಪಿ ಹಚ್ಚಿದೆ. ಕಟ್ಟೆ, ಕಂಬ, ಚಹಾ. ಅವಳು ತನ್ನ ಕುರ್ಚಿಯನ್ನು ನನ್ನ ಕುರ್ಚಿಯ ಹತ್ತಿರ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಅವಳ ತಲೆ ನನ್ನ ಭುಜಕ್ಕೆ ಒರಗಿತು. ಹನ್ನೊಂದು ವಾರಗಳಿಂದ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿಬಿಡಬೇಕು ಎನಿಸಿತು.

"ರಾಜಶ್ರೀ," ಎಂದೆ. "ನಾ ನಿಮ್ಮನ್ನ..."

ಅವಳು ತಲೆ ಎತ್ತಲಿಲ್ಲ. ಪರದೆಯ ಮೇಲೆ ಲಗಮವ್ವ ಆಗಲೇ ಬೆರಳೆತ್ತಿದ್ದಳು. ರಾಜಶ್ರೀ ಗೀರು ಬಿದ್ದ ತನ್ನ ಬೆರಳನ್ನು ನನ್ನ ತುಟಿಯ ಮೇಲಿಟ್ಟಳು.

"ಗದ್ಲ ಮಾಡಬ್ಯಾಡ," ಎಂದಳು. "ಅವ್ವ ಮಾತಾಡಾಕತ್ಯಾಳ."

ಆ ಮಾತಿನ ಕೊನೆಗೆ 'ರಿ' ಇರಲಿಲ್ಲ.