ತಳ ಮುಚ್ಚುವಷ್ಟು ಚಹಾ

ಅವನು ನನಗೆ ಕೊಟ್ಟ ಮೊದಲ ಬಟ್ಟಲು ಚಹಾ ಅಂಚಿನವರೆಗೂ ತುಂಬಿತ್ತು. ಒಂದು ಹನಿ ತಟ್ಟೆಗೂ ಚೆಲ್ಲಿತ್ತು.

ನಮ್ಮ ಸೆಮೇ ಊರಿನಲ್ಲಾಗಲಿ, ಸುತ್ತಲಿನ ಹುಲ್ಲುಬಯಲಿನ ಯಾವ ಮನೆಯಲ್ಲಾಗಲಿ, ನಮಗೆ ಬೇಕಾದವರಿಗೆ ಚಹಾ ಹಾಕುವುದು ತಳ ಮುಚ್ಚುವಷ್ಟು. ಮುಗಿದ ಹಾಗೆ ಮತ್ತೆ ಹಾಕುತ್ತೇವೆ, ಮತ್ತೆ ಹಾಕುತ್ತೇವೆ. ಅಷ್ಟು ಹೊತ್ತು ಅವರು ಕೂತಿರಲಿ ಅಂತ. ತುಂಬಿಸಿ ಕೊಟ್ಟರೆ ಬಾಯಿ ಬಿಟ್ಟು ಹೇಳಬೇಕಾಗಿಲ್ಲ: ಕುಡಿ, ಹೊರಡು.

ಆ ಬಟ್ಟಲು ನನಗೆ ಹೊಸದಲ್ಲ. ಎರಡು ವರ್ಷದ ಹಿಂದೆ ತೈಮಾಸ್‌ನ ಜೊತೆ ನನ್ನ ಮದುವೆ ಮಾತಾಗಿತ್ತು. ನನ್ನ ಹಳ್ಳಿ ಯಾವುದೆಂದು ಅವನ ತಾಯಿಗೆ ಗೊತ್ತಾದ ದಿನ, ಆಕೆ ನಗುತ್ತಲೇ ಬಟ್ಟಲು ತುಂಬಿಸಿ ನನ್ನ ಮುಂದಿಟ್ಟಳು. ಅಣುಬಾಂಬು ಪರೀಕ್ಷಿಸಿದ ಬಯಲಿನ ಪಕ್ಕದ ಹಳ್ಳಿ ನಮ್ಮದು. ಬಾಂಬು ಹಾಕಿದವರಿಗೆ ಪದಕ ಸಿಕ್ಕಿತು. ಅದರ ಧೂಳು ಉಸಿರಾಡಿದವರ ಮೊಮ್ಮಗಳಿಗೆ ತುಂಬಿದ ಬಟ್ಟಲು ಸಿಕ್ಕಿತು. ಆಮೇಲೆ ಕತ್ತಿನಲ್ಲಿ ಗಂಟು ಬಂತು, ಆಪರೇಷನ್ ಆಯಿತು, ಕ್ಯಾನ್ಸರ್ ಅಂದರು. ನನ್ನ ಹತ್ತಿರ ಇನ್ಯಾರೂ ಬರುವುದಿಲ್ಲ ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ಹಾಗೆಂದು ಗಟ್ಟಿ ಮಾಡಿಕೊಂಡವಳು ಆ ಸೋಮವಾರ ಬೆಳಗ್ಗೆ ಹತ್ತು ನಿಮಿಷದ ಮಟ್ಟಿಗೆ ಮೆತ್ತಗಾಗಿದ್ದೆ. ಅದೇ ನನ್ನ ಸಿಟ್ಟು.

ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಾರ್ಡಿನ ಕೋಣೆ. ಸೀಸ ತುಂಬಿದ ಬಾಗಿಲು, ಅದರಲ್ಲಿ ಅಂಗೈ ದಪ್ಪದ ಗಾಜು, ಪಕ್ಕದಲ್ಲಿ ಊಟ ತಳ್ಳಲು ಒಂದು ಕಿಂಡಿ. ಮಂಚದಿಂದ ಎರಡು ಮೀಟರ್ ದೂರದಲ್ಲಿ ನೆಲದ ಮೇಲೆ ಹಳದಿ ಗೆರೆ. ಆ ಗೆರೆಯ ಆಚೆ ಸೀಸದ ಡಬ್ಬಿ ಹಿಡಿದು ನಿಂತಿದ್ದ ಅವನು, ಸಾಂಜಾರ್. ವಿಕಿರಣ ಅಳೆಯುವ ಭೌತವಿಜ್ಞಾನಿ. ರೆಪ್ಪೆ ಉದ್ದ, ಕಿವಿ ಸ್ವಲ್ಪ ದೊಡ್ಡದು, ಮಾತಾಡುವ ಮೊದಲು ತುಟಿ ಕಚ್ಚುವ ಅಭ್ಯಾಸ.

"ಮಾತ್ರೆ ಮುಟ್ಟಬೇಡಿ. ಡಬ್ಬಿಯಿಂದ ನೇರ ಬಾಯಿಗೆ ಹಾಕ್ಕೊಂಡು ನುಂಗಿ. ಕಚ್ಚಬೇಡಿ."

"ಚೆನ್ನಾಗಿದೆ ರೀ. ನೀವು ಮುಟ್ಟೋಕೂ ಹೆದರೋದನ್ನ ನಾನು ನುಂಗಬೇಕು."

"ನಿಮಗೆ ಅದು ಔಷಧಿ. ನನಗೆ ಕೆಲಸಕ್ಕೆ ಬಾರದ ಬಿಸಿಲು."

ನಗಬಾರದು ಅಂದುಕೊಂಡೇ ನಕ್ಕೆ. ನುಂಗಿದೆ.

"ಈಗೇನಾಗುತ್ತೆ?"

"ಥೈರಾಯ್ಡ್ ಕಣಕ್ಕೆ ಅಯೋಡಿನ್ ಅಂದ್ರೆ ಪ್ರಾಣ. ದಾರಿ ತಪ್ಪಿ ಕ್ಯಾನ್ಸರ್ ಆದರೂ ಆ ಹಸಿವು ಮರೆತಿರಲ್ಲ. ಹದಿನೈದು ದಿನ ಹಾಲು, ಮೀನು, ಅಯೋಡಿನ್ ಉಪ್ಪು ಬಿಡಿಸಿ ಅದನ್ನ ಉಪವಾಸ ಕೆಡವಿದ್ದೀವಲ್ಲ, ಈಗ ಓಡಿ ಬಂದು ತಿನ್ನುತ್ತೆ. ತಿಂದ ಅಯೋಡಿನ್ನೇ ಅದನ್ನ ಒಳಗಿಂದ ಸುಡುತ್ತೆ. ಮೈಯಲ್ಲಿ ಎಲ್ಲಿ ಅಡಗಿದ್ರೂ ಸರಿ, ಹುಡುಕ್ಕೊಂಡು ಹೋಗುತ್ತೆ."

ನನ್ನ ಹಳ್ಳಿಯ ಮೇಲೆ ಬಿದ್ದದ್ದು ಯಾರ ಹೆಸರನ್ನೂ ಕೇಳಿರಲಿಲ್ಲ. ಕುದುರೆ, ಬಾವಿ, ಬಸುರಿ ಎಲ್ಲರ ಮೇಲೂ ಒಂದೇ ಸಮ ಸುರಿದಿತ್ತು. ಇಲ್ಲಿ ಅದೇ ಪರಮಾಣು ಸಾಸಿವೆಯಷ್ಟು ಜಾಗ ಹುಡುಕಿಕೊಂಡು ಹೊರಟಿತ್ತು. ಮನುಷ್ಯರ ಕೈಯೇ ಎರಡನ್ನೂ ಮಾಡಿದೆ. ಹಾಗಾದರೆ ಆ ಕೈಗೆ ಮೊದಲೇ ಈ ಬುದ್ಧಿ ಇರಬಹುದಿತ್ತಲ್ಲ!

ಸಾಂಜಾರ್ ಮಾಪಕ ಎತ್ತಿ ನನ್ನ ಕಡೆ ಹಿಡಿದ. ಅಳೆಯುವವರು ನಮಗೆ ಹೊಸಬರಲ್ಲ. ಅಜ್ಜಿಯನ್ನು ಲಾರಿಯಲ್ಲಿ ಬಂದು ಅಳೆದಿದ್ದರು. ಬರೆದುಕೊಂಡರು, ಹೋದರು. ಏನು ಬರೆದಿರಿ ಅಂತ ಅಜ್ಜಿ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಆಕೆ ಸಾಯುವವರೆಗೂ ತನ್ನ ಅಂಕಿ ಯಾವುದೆಂದು ತಿಳಿಯಲಿಲ್ಲ.

ಅವನು ಒಂದು ಹಾಳೆಯ ಮೇಲೆ ದೊಡ್ಡದಾಗಿ 180 ಎಂದು ಬರೆದು ನನಗೆ ತೋರಿಸಿದ.

"ಇದು ನಿಮ್ಮದು. ಮೊದಲು ನಿಮಗೆ ಗೊತ್ತಾಗಬೇಕು, ಆಮೇಲೆ ನನ್ನ ರಿಜಿಸ್ಟರಿಗೆ. ದಿನಾ ಇಳೀತಾ ಹೋಗುತ್ತೆ. ಇಪ್ಪತ್ತರ ಕೆಳಗೆ ಬಂದ ದಿನ ಮನೆಗೆ."

ಆಗಲೇ ನಾನು ಮೆತ್ತಗಾದದ್ದು. ಹತ್ತು ನಿಮಿಷದ ಮೇಲೆ ಅದೇ ಮನುಷ್ಯ ಚಹಾ ತಂದ. ಹಾಲಿಲ್ಲದ, ಕಪ್ಪು ಚಹಾ. ದೊಡ್ಡ ಬಟ್ಟಲು ನಾಲ್ಕು. ನಾಲ್ಕೂ ಅಂಚಿನವರೆಗೆ.

"ಚೆನ್ನಾಗಿ ಕುಡೀರಿ" ಅಂದು ಬೆನ್ನು ತಿರುಗಿಸಿ ಹೋದ.

ನಾಲ್ಕನ್ನೂ ಬೇಸಿನ್‌ಗೆ ಸುರಿದೆ. ಮಧ್ಯಾಹ್ನದ ನಾಲ್ಕನ್ನೂ, ಸಂಜೆಯ ನಾಲ್ಕನ್ನೂ. ನಲ್ಲಿಯ ನೀರು ಎರಡು ಗುಟುಕು ಕುಡಿದು ಗೋಡೆಗೆ ಮುಖ ಮಾಡಿ ಮಲಗಿದೆ.

*

ಮಂಗಳವಾರ ಅವನು ಮಾಪಕ ನೋಡಿ, ಅದನ್ನು ಅಂಗೈಗೆ ತಟ್ಟಿ, ಮತ್ತೆ ನೋಡಿದ. ಹಾಳೆಯ ಮೇಲೆ 140 ಎಂದು ಬರೆಯುವಾಗ ಅವನ ಕೈ ನಿಧಾನವಾಗಿತ್ತು.

"ಇದು ಅರ್ಧಕ್ಕಿಂತ ಕೆಳಗೆ ಬರಬೇಕಿತ್ತು." ತುಟಿ ಕಚ್ಚಿದ. "ನಿಮ್ಮ ಕೆನ್ನೆ ಊದಿದೆ."

ಊದಿತ್ತು. ದವಡೆಯ ಕೆಳಗೆ ಮೊಟ್ಟೆ ಇಟ್ಟಂತೆ. ಬಾಯಿ ಒಣಗಿ, ನಾಲಿಗೆಯ ಮೇಲೆ ತುಕ್ಕು ಹಿಡಿದ ಬೀಗದ ರುಚಿ.

"ಚಹಾ ಕುಡೀತಿದ್ದೀರಿ ತಾನೆ?"

"ನಿಮಗ್ಯಾಕೆ?"

"ಅಕ್ಮರಾಲ್, ಕುಡಿದ್ರೇನೇ ಮಿಕ್ಕಿದ ಅಯೋಡಿನ್ ಮೂತ್ರದಲ್ಲಿ ಹೊರಗೆ ಹೋಗೋದು. ಒಳಗೇ ಉಳಿದ್ರೆ ಜೊಲ್ಲಿನ ಗ್ರಂಥಿ ಸುಡುತ್ತೆ, ಮೂತ್ರಕೋಶ ಸುಡುತ್ತೆ. ಎಷ್ಟು ಕುಡಿದ್ರಿ, ನಿಜ ಹೇಳಿ."

"ಒಂದು ಬಟ್ಟಲೂ ಇಲ್ಲ. ಹೊರಡು ಅಂತ ಕೊಟ್ಟಿದ್ದನ್ನ ಕುಡಿಯೋಷ್ಟು ಕೆಟ್ಟಿಲ್ಲ ನಾನು. ಬಾಗಿಲಿಗೆ ನೀವೇ ಬೀಗ ಹಾಕಿ ತುಂಬಿದ ಬಟ್ಟಲು ಕೊಡ್ತೀರಲ್ಲ, ಎಲ್ಲಿಗೆ ಹೋಗಲಿ?"

ಅವನ ಮುಖದಿಂದ ರಕ್ತ ಇಳಿದದ್ದು ಎರಡು ಮೀಟರ್ ಆಚೆಗೂ ಕಂಡಿತು. ಹೊರಗೆ ಹೋದ. ಗಾಜಿನ ಆ ಬದಿಗೆ ಹಣೆ ಆನಿಸಿ ನಿಂತ. ಗೋಡೆಯ ಸ್ಪೀಕರ್ ಗುರುಗುಟ್ಟಿತು.

"ನನ್ನನ್ನ ಸಾಕಿದ್ದು ಅಜ್ಜಿ. ನನಗೆ ಗೊತ್ತಿಲ್ಲದ ಬಟ್ಟಲಲ್ಲ ಅದು. ದಿನಕ್ಕೆ ಇಷ್ಟೇ ನಿಮಿಷ ಒಳಗೆ ಬರಬಹುದು ಅಂತ ಲೆಕ್ಕ. ಒಂದೇ ಸಲಕ್ಕೆ ಜಾಸ್ತಿ ನೀರು ಮುಟ್ಟಿಸೋಣ ಅಂತ ತುಂಬಿಸಿದೆ. ಮಾಪಕದ ಮುಳ್ಳು ನೋಡ್ತಾ ನೋಡ್ತಾ ಮನುಷ್ಯರ ಮುಖ ನೋಡೋದು ಮರೆತೆ. ತಪ್ಪು ನಂದು."

ಹಿಂದಿನಿಂದ ಹಿರಿಯ ನರ್ಸ್ ರೌಷನ್ ಅಕ್ಕನ ದನಿ ತೂರಿ ಬಂತು. "ಎರಡು ಡಿಗ್ರಿ ಓದಿದಾನೆ ಕಣಮ್ಮ! ಚಹಾ ಹಾಕೋಕೆ ಬರಲ್ಲ. ಅದಕ್ಕೇ ಮೂವತ್ತೈದಾದ್ರೂ ಮನೇಲಿ ಚಹಾ ಹಾಕೋರಿಲ್ಲ."

ಅರ್ಧ ಗಂಟೆಯಾಗಿರಬೇಕು. ಕಾರಿಡಾರಿನಲ್ಲಿ ತಳ್ಳುಗಾಡಿ ಕಿರುಗುಟ್ಟಿತು, ಕಿಂಡಿ ತೆರೆಯಿತು. ಒಂದು ಟ್ರೇ ಬಂತು. ಅದರ ಹಿಂದೆ ಇನ್ನೊಂದು. ಮತ್ತೂ ಒಂದು.

ಕ್ಯಾಂಟೀನಿನಲ್ಲಿದ್ದ ಸಣ್ಣ ಬಟ್ಟಲುಗಳನ್ನೆಲ್ಲ ಹೊತ್ತು ತಂದಿದ್ದ. ನೀಲಿ ಅಂಚಿನವು, ಚಿನ್ನದ ಹೂವಿನವು, ಒಂದರ ಬಾಯಿ ಒಡೆದಿತ್ತು. ಇಪ್ಪತ್ತೆಂಟು ಬಟ್ಟಲು, ಪ್ರತಿಯೊಂದರಲ್ಲೂ ಚಹಾ ತಳ ಮುಚ್ಚುವಷ್ಟೇ. ಕೊನೆಯ ಟ್ರೇಯ ಮೂಲೆಯಲ್ಲಿ ಕತ್ತರಿಸಿದ ನಿಂಬೆ.

ಇಪ್ಪತ್ತೆಂಟು ಸಲ 'ಇರು' ಎಂದಂತೆ.

"ಒಂದು ಮುಗಿಸಿ, ಇನ್ನೊಂದು ತಗೊಳ್ಳಿ" ಎಂದ ಸ್ಪೀಕರಿನಲ್ಲಿ. "ಬಾಗಿಲ ಈಚೆಯಿಂದ ನಾನೇ ಹಾಕ್ತಿದ್ದೀನಿ ಅಂದ್ಕೊಳ್ಳಿ. ನೀವು ಕುಡಿದು ಮುಗಿಸೋವರೆಗೂ ಇಲ್ಲೇ ನಿಂತಿರ್ತೀನಿ."

"ನೋಡ್ತಾ ನಿಂತ್ರೆ ಹೇಗೆ ಕುಡೀಲಿ?"

"ಹಾಗಾದ್ರೆ ಗೋಡೆ ನೋಡ್ತೀನಿ." ಗೋಡೆಗೆ ತಿರುಗಿದ. ಐದನೆಯ ಬಟ್ಟಲಿಗೆ ಕದ್ದು ನೋಡಿದ. ಒಂಬತ್ತನೆಯದಕ್ಕೆ ಸಿಕ್ಕಿಬಿದ್ದ. ಅವನ ಕಿವಿ ಕೆಂಪಾದದ್ದು ಸೀಸದ ಗಾಜಿನ ಮೂಲಕವೂ ತಿಳಿಯಿತು.

ಸಂಜೆ, ಕಟ್ಟಿಕೊಂಡ ಜೊಲ್ಲು ಇಳಿಯಲೆಂದು ದವಡೆ ತಿಕ್ಕುವುದನ್ನು ಹೇಳಿಕೊಟ್ಟ. ಅವನು ತನ್ನ ಕೆನ್ನೆಯ ಮೇಲೆ ಬೆರಳಿಟ್ಟು ಕಿವಿಯ ಬುಡದಿಂದ ಮುಂದಕ್ಕೆ ಎಳೆದ. ನಾನು ನನ್ನ ಕೆನ್ನೆಯ ಮೇಲೆ ಹಾಗೇ ಎಳೆದೆ.

"ನಿಧಾನಕ್ಕೆ" ಎಂದ. "ಇನ್ನೂ ಸ್ವಲ್ಪ ಮೆತ್ತಗೆ."

ನನ್ನ ಕೈ ನನ್ನ ಕೆನ್ನೆಯ ಮೇಲಿತ್ತು, ಅವನದು ಅವನ ಕೆನ್ನೆಯ ಮೇಲೆ. ನಡುವೆ ಅಂಗೈ ದಪ್ಪದ ಗಾಜು. ಅಷ್ಟು ಹತ್ತಿರದಿಂದ ಯಾವ ಗಂಡಸೂ ನನ್ನನ್ನು ಮುಟ್ಟಿರಲಿಲ್ಲ.

*

ಬುಧವಾರ 46. ಊತ ಇಳಿಯತೊಡಗಿತ್ತು, ರುಚಿ ಮಾತ್ರ ಮರಳಿರಲಿಲ್ಲ.

"ನಾನು ಬಜಾರಿನಲ್ಲಿ ಕುರ್ತ್ ಮಾರೋಳು. ಮೊಸರು ಹಿಂಡಿ, ಉಪ್ಪು ಹಾಕಿ, ಉಂಡೆ ಕಟ್ಟಿ ಒಣಗಿಸೋ ಕೆಲಸ. ಉಪ್ಪು ನೋಡೋದು ನಾಲಿಗೇಲೇ. ನಾಲಿಗೆ ಹೋದ್ರೆ?"

"ಮುಕ್ಕಾಲು ಜನಕ್ಕೆ ವಾರಗಳಲ್ಲಿ ತಿರುಗಿ ಬರುತ್ತೆ. ಎಲ್ಲರಿಗೂ ಬರುತ್ತೆ ಅಂತ ಸುಳ್ಳು ಹೇಳಲ್ಲ. ಕೆಲವರಿಗೆ ಬಾಯಿ ಒಣಗೋದು ಉಳಿಯುತ್ತೆ." ತುಟಿ ಕಚ್ಚಿದ. "ಅಲ್ಲಿವರೆಗೆ ಉಪ್ಪು ನೋಡೋಕೆ ನನ್ನ ನಾಲಿಗೆ ಇದೆ."

"ಚಹಾ ಹಾಕೋಕೆ ಬರದವರ ನಾಲಿಗೆ ನಂಬಲಾ?"

ನಕ್ಕ. ನಾನೂ. ಆದರೆ ಹಾಳೆಯ ಮೇಲಿನ ಅಂಕಿ ಇಬ್ಬರಿಗೂ ಕಾಣುತ್ತಿತ್ತು. ಅದು ಇಳಿದಷ್ಟೂ ನಾನು ಗುಣ. ಅದು ಇಳಿದಷ್ಟೂ ನಾನು ಹೊರಗೆ.

ಗುರುವಾರ 17. ಗಾಮಾ ಕ್ಯಾಮೆರಾದ ಕಿರಿದಾದ ಹಲಗೆಯ ಮೇಲೆ ಮಲಗಿದೆ. ಯಂತ್ರ ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನನ್ನನ್ನು ಓದಿತು. ಹೊರಗಿನಿಂದ ಬೆಳಕು ಬಿಟ್ಟು ತೆಗೆದ ಚಿತ್ರವಲ್ಲ ಅದು, ನನ್ನೊಳಗಿನ ಬೆಳಕೇ ಹೊರಗೆ ಬಂದು ಬರೆದದ್ದು. ಡಾಕ್ಟರಮ್ಮ ಪರದೆ ತಿರುಗಿಸಿ ತೋರಿಸಿದರು. ಚುಕ್ಕಿಗಳಲ್ಲಿ ಬರೆದ ಹೆಂಗಸು. ಅಯೋಡಿನ್ ಹಾದುಹೋಗುವ ಹೊಟ್ಟೆ, ಮೂತ್ರಕೋಶ ಮಂಕು ಬೂದಿ. ಕತ್ತಿನಲ್ಲಿ ಮಾತ್ರ ಒಂದು ಉರಿಯುವ ನಕ್ಷತ್ರ.

"ಆಪರೇಷನ್‌ನಲ್ಲಿ ಉಳಿದ ಚೂರು ಅದು. ಈಗ ಸುಡ್ತಿದೆ. ಶ್ವಾಸಕೋಶ ಖಾಲಿ, ಮೂಳೆ ಖಾಲಿ. ಆರು ತಿಂಗಳಿಗೆ ಮತ್ತೆ ನೋಡೋಣ."

ನಾನು ಅತ್ತೆ. ಅಜ್ಜಿಗೂ ಒಬ್ಬರು ಹೀಗೆ ಪರದೆ ತಿರುಗಿಸಿ ತೋರಿಸಬೇಕಿತ್ತು.

ಬಿಡುಗಡೆಯ ಚೀಟಿ ತಂದವನು ಸಾಂಜಾರ್. ಹತ್ತು ದಿನ ಯಾರ ಪಕ್ಕವೂ ಹೆಚ್ಚು ಹೊತ್ತು ಕೂರಬಾರದು, ಬೇರೆ ಹಾಸಿಗೆ, ಬೇರೆ ಬಟ್ಟಲು. ಮಕ್ಕಳು, ಬಸುರಿಯರಿಂದ ದೂರ.

"ಹನ್ನೊಂದನೇ ದಿನ ಭಾನುವಾರ" ಎಂದ, ಚೀಟಿಯನ್ನೇ ನೋಡುತ್ತ. "ನಿಮ್ಮ ಮನೇಲಿ ಚಹಾ ಇರುತ್ತಾ?"

"ಎಷ್ಟು ಹಾಕಬೇಕು ಅಂತ ಯೋಚಿಸ್ತೀನಿ" ಎಂದೆ.

*

ಆ ಹತ್ತು ದಿನ ಅಮ್ಮ ಬಾಗಿಲಲ್ಲಿ ಊಟವಿಟ್ಟು ದೂರ ಕೂತು ಮಾತಾಡುತ್ತಿದ್ದಳು. ನನಗೆ ಒಂದೇ ಪ್ರಶ್ನೆ. ಗಾಜಿನ ಆಚೆ ನಿಂತವನಿಗೆ ದಯೆ ಸುಲಭ. ಗಾಜು ಇಲ್ಲದ ಮನೆಗೆ, ನನ್ನ ಹಳ್ಳಿಗೆ, ನನ್ನ ಪಕ್ಕಕ್ಕೆ ಬರುತ್ತಾನೆಯೇ? ನನ್ನೊಳಗೆ ಏನಿತ್ತೆಂದು ಅವನಷ್ಟು ಚೆನ್ನಾಗಿ ತಿಳಿದವರು ಯಾರೂ ಇಲ್ಲ.

ಭಾನುವಾರ ಮಧ್ಯಾಹ್ನದ ಬಸ್ಸಿನಿಂದ ಇಳಿದ. ಇಸ್ತ್ರಿ ಮಾಡಿದ ಅಂಗಿ, ಅಮ್ಮನಿಗೆ ಒಂದು ಡಬ್ಬಿ ಮಿಠಾಯಿ. ಒಳಗೆ ಬಂದವನು ಅಭ್ಯಾಸಬಲದಿಂದ ನನ್ನಿಂದ ಸರಿಯಾಗಿ ಎರಡು ಮೀಟರ್ ಆಚೆ ಕೂತ. ನಾನು ಕೆಟಲ್ ಮುಟ್ಟಲಿಲ್ಲ.

ಅಮ್ಮ ಕೇಳಿದಳು. "ನಿನ್ನ ಅಳೆಯೋ ಯಂತ್ರ ತಂದಿಲ್ವೇನಪ್ಪ?"

ಅವನು ತನ್ನನ್ನೂ ನನ್ನನ್ನೂ ನೋಡಿದ, ನಡುವಿನ ಖಾಲಿ ನೆಲವನ್ನು ನೋಡಿದ. ತುಟಿ ಕಚ್ಚಿದ. ಎದ್ದು ಬಂದು ನನ್ನ ಪಕ್ಕದಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತ.

"ಇಲ್ಲಮ್ಮ. ಇವಳ ವಿಷಯದಲ್ಲಿ ನನ್ನ ಅಳತೆ ಮುಗೀತು."

ಕೆಟಲ್ ಎತ್ತಿ ಹಾಲು ಹಾಕಿದ ಚಹಾ ಬಗ್ಗಿಸಿದೆ. ತಳ ಮುಚ್ಚಿತೋ ಇಲ್ಲವೋ ಅನ್ನುವಷ್ಟು.

ಅವನು ಬಟ್ಟಲೊಳಗೆ ಇಣುಕಿದ. "ಇಷ್ಟೇನಾ, ಅಕ್ಮರಾಲ್?"

"ಎಷ್ಟು ಹೊತ್ತು ಇರ್ತೀಯ ಅಂತ ನೋಡೋಣ."

ಆಡಿದ ಮೇಲೆ ತಿಳಿಯಿತು, 'ನೀವು' ಬಿಟ್ಟುಹೋಗಿತ್ತು. ಅವನಿಗೂ ತಿಳಿಯಿತು, ಕಿವಿ ಕೆಂಪಾಯಿತು.

"ಸಂಜೆ ಆರಕ್ಕೆ ಕೊನೆ ಬಸ್ಸಂತೆ" ಎಂದ.

"ಹೋಗ್ಲಿ ಬಿಡು" ಎಂದಳು ಅಮ್ಮ, ಒಲೆಯ ಕಡೆಯಿಂದ.

ಬಟ್ಟಲು ನನ್ನ ಕೈಯಿಂದ ಅವನ ಕೈಗೆ ಹೋಗುವಾಗ ಇಬ್ಬರ ಬೆರಳೂ ಅದರ ಮೇಲಿದ್ದವು. ಯಾರೂ ಬಿಡಲಿಲ್ಲ.